ಮಗು ಬಾಯಿಬಿಟ್ಟ ಮೇಲೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗಣಿತ, ವಿಜ್ಞಾನದ ಜೊತೆಗೆ ಸಿಟ್ಟು, ಭಯ, ಸ್ನೇಹವನ್ನು ನಿಭಾಯಿಸುವುದನ್ನೂ ಶಾಲೆಯಲ್ಲಿ ಕಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಹೇಳಿದೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲೇ ಇದಕ್ಕೆಂದು ಪೀರಿಯಡ್ ಶುರುವಾಯಿತು. ಪೀರಿಯಡ್ ಇಡುವುದು ಸುಲಭ. ಅದಕ್ಕೆ ಹೋಗುವ ಟೀಚರನ್ನು ತಯಾರು ಮಾಡುವವರು ಯಾರು?

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಬಹಳ ಮೊದಲೇ ಯೋಚಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಹತ್ತು ಜೀವನ ಕೌಶಲಗಳನ್ನು ಹಿಡಿದು ಪ್ರೌಢಶಾಲಾ ಮಕ್ಕಳಿಗೆ ಚಟುವಟಿಕೆಗಳನ್ನು ರೂಪಿಸಿತು. ನಡೆಸಿಕೊಡಲು ಹೊರಗಿನ ತಜ್ಞರನ್ನು ಕರೆಯದೆ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಅಲ್ಲಿ ಉಪದೇಶವಿಲ್ಲ, ಗುಂಪುಚರ್ಚೆ, ಪಾತ್ರಾಭಿನಯ. ಸರಿ ಉತ್ತರ, ತಪ್ಪು ಉತ್ತರ ಎಂದು ಗುರುತು ಹಾಕಿಯೇ ಅಭ್ಯಾಸವಾದ ನಮ್ಮಂಥವರಿಗೆ ಸುಮ್ಮನೆ ಕೂತು ಕೇಳುವುದೇ ದೊಡ್ಡ ಪಾಠ. ಅದನ್ನು ಪುಸ್ತಕ ಓದಿ ಕಲಿಯಲಾಗದು, ತಾವೇ ಆ ಗುಂಪಿನಲ್ಲಿ ಕೂತು ಮಾತಾಡಿರಬೇಕು.

ಚೆನ್ನೈನಲ್ಲಿ ಇನ್ನೊಂದು ತೊಡಕಿದೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಆಟದಲ್ಲಿ ತಮಿಳು, ಪಾಠದಲ್ಲಿ ಇಂಗ್ಲಿಷ್. ಮಗು 'ಬೇಜಾರು' ಎಂದರೆ ನಮಗೆ ಅದರೊಳಗಿನ ನೋವು ಕೇಳಿಸುತ್ತದೆ. ಮದ್ರಾಸ್ ತಮಿಳಿನಲ್ಲಿ 'ಬೇಜಾರ್' ಎಂದರೆ ಬರೀ ತಲೆನೋವಿನ ಕೆಲಸ! ಮುನಿಸು, ಸಂಕಟ, ಹೊಟ್ಟೆಕಿಚ್ಚು ಎಲ್ಲವೂ ಇಂಗ್ಲಿಷಿಗೆ ಬಂದಾಗ 'ಸ್ಯಾಡ್' ಆಗಿಬಿಡುತ್ತವೆ. ಆದ್ದರಿಂದ ಈ ಒಂದು ಪೀರಿಯಡ್‌ನಲ್ಲಾದರೂ 'ಇಂಗ್ಲಿಷಿನಲ್ಲೇ ಮಾತಾಡು' ಎನ್ನಬಾರದು.

ಇನ್ನು ನನಗೆ ಅತಿ ಮುಖ್ಯ ಅನ್ನಿಸುವ ವಿಷಯ. 'ಏನಿದ್ದರೂ ಹೇಳಮ್ಮಾ, ಯಾರಿಗೂ ಹೇಳುವುದಿಲ್ಲ' ಎಂದು ಟೀಚರ್ ಭಾಷೆ ಕೊಡುತ್ತಾರೆ. ಮಗು ಹೇಳುವುದು ಗೆಳತಿಯ ಜಗಳವಾದರೆ ಅದು ಸ್ಟಾಫ್‌ರೂಮಿನ ಕಾಫಿ ಹೊತ್ತಿಗೆ ಹೋಗಲೇಬಾರದು. ಆದರೆ ಯಾರೋ ಮುಟ್ಟಬಾರದ ರೀತಿ ಮುಟ್ಟಿದರು ಎಂದರೆ? 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಅದೇ ಅಪರಾಧ. ಅಂದಮೇಲೆ ಮೊದಲ ದಿನವೇ ಹೇಳಬೇಕಾದ ಮಾತು ಬೇರೆ: 'ನಿನ್ನ ಮಾತನ್ನು ಹರಡುವುದಿಲ್ಲ, ನಿನಗೆ ಅಪಾಯವಿದ್ದರೆ ಮಾತ್ರ ಸಹಾಯ ಮಾಡುವವರಿಗೆ ತಿಳಿಸುತ್ತೇನೆ.' ಈ ಎರಡು ವಾಕ್ಯಗಳನ್ನು ತರಬೇತಿಯಲ್ಲಿ ಬಾಯಿಪಾಠವಾಗುವಷ್ಟು ಅಭ್ಯಾಸ ಮಾಡಿಸಬೇಕು.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ಕೇಳಿದ ಮೇಲೆ ಇಷ್ಟು ಕೇಳಿ: ಈ ಪಾಠ ಮಾಡುವವರಿಗೆ ತರಬೇತಿ ಎಷ್ಟು ದಿನ ಆಯಿತು? ಮಗು ದೊಡ್ಡ ಸಂಗತಿ ಹೇಳಿಬಿಟ್ಟರೆ ಅವರು ಆ ದಿನ ಯಾರಿಗೆ ಫೋನ್ ಮಾಡುತ್ತಾರೆ?