ಮತ ಎಣಿಸದ ಸಭೆ



ಸಂಘ ಕಟ್ಟುವುದು ನಮಗೆ ಕಷ್ಟವಲ್ಲ. ಒಡೆಯದಂತೆ ನಡೆಸುವುದು ಕಷ್ಟ. ಚುನಾವಣೆಯ ಮರುದಿನವೇ ಸೋತವರು ಬೇರೊಂದು ಸಂಘದ ಫಲಕ ಬರೆಸುತ್ತಾರೆ.

ನಮ್ಮ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ನೋಡಿ. 1945ರಲ್ಲಿ ಅದನ್ನು ಸ್ಥಾಪಿಸಿದ ಡಿ.ವಿ.ಜಿ.ಯವರು ಪಕ್ಷ ರಾಜಕೀಯವನ್ನು ಹೊಸ್ತಿಲಾಚೆಯೇ ಇಟ್ಟರು. 1970ರಲ್ಲಿ ಅಭಿಮಾನಿಗಳು ತಮಗೆ ಅರ್ಪಿಸಿದ ನಿಧಿಯನ್ನು ಸಂಸ್ಥೆಗೇ ಕೊಟ್ಟುಬಿಟ್ಟರು. ತತ್ತ್ವ ಮೊದಲು ಮುಟ್ಟಬೇಕಾದದ್ದು ಅದನ್ನು ಹೇಳುವವನ ಜೇಬನ್ನು.

ಆದರೆ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಬೇಕು? 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕ್ರಮ ಇಲ್ಲಿ ಗಮನಾರ್ಹ. ಅವರ ಸಭೆ ಮೌನದಿಂದ ಆರಂಭವಾಗುತ್ತದೆ, ಮತ ಎಣಿಸುವುದಿಲ್ಲ. ಎಲ್ಲರ ಮಾತು ಕೇಳಿದ ಮೇಲೆ ಸಭೆ ನಡೆಸುವವರು ಒಟ್ಟು ಮನಸ್ಸನ್ನು ಗ್ರಹಿಸಿ, ನಿರ್ಣಯವನ್ನು ಅಲ್ಲೇ ಬರೆದು ಓದುತ್ತಾರೆ. ಒಮ್ಮತ ಬಾರದಿದ್ದರೆ ವಿಷಯ ಮುಂದಿನ ಸಭೆಗೆ.

ಇದಕ್ಕೆ ಬೆಲೆಯೂ ಉಂಟು. ಅಮೆರಿಕದ ಜರ್ಮನ್‌ಟೌನಿನ ಕ್ವೇಕರರು ಗುಲಾಮಗಿರಿಯನ್ನು ಖಂಡಿಸಿ ಬರೆದದ್ದು 1688ರಲ್ಲಿ. ಗುಲಾಮರನ್ನು ಇಟ್ಟುಕೊಂಡವರಿಗೆ ಪಂಥದಲ್ಲಿ ಸ್ಥಾನವಿಲ್ಲವೆಂದು ಫಿಲಡೆಲ್ಫಿಯಾದ ವಾರ್ಷಿಕ ಸಭೆ ನಿರ್ಣಯಿಸಿದ್ದು 1776ರಲ್ಲಿ. 88 ವರ್ಷ! ಅಷ್ಟು ಕಾಲ ನೊಂದವರು ಸಭಿಕರಲ್ಲ, ಗುಲಾಮರು. ಆದರೂ ಅಮೆರಿಕ ದೇಶವೇ ಗುಲಾಮಗಿರಿಯನ್ನು ತೊಡೆದುಹಾಕಿದ್ದು ಇನ್ನೂ 89 ವರ್ಷಗಳ ಬಳಿಕ, 1865ರಲ್ಲಿ.

ಎಲ್ಲ ವಿಷಯಕ್ಕೂ ಅಷ್ಟು ಕಾಯಲಾಗದು, ಕಾಯಲೂಬಾರದು. ಆದರೆ ಕೈ ಎತ್ತಿಸುವ ಮುನ್ನ ಎದುರು ಕುಳಿತವರ ಮಾತನ್ನು ಪೂರ್ತಿ ಕೇಳಬಹುದಲ್ಲ? ನಿಯಮಾವಳಿ ಸಂಘವನ್ನು ನೋಂದಾಯಿಸೀತು. ಉಳಿಸುವುದು ಈ ತಾಳ್ಮೆಯೇ.