ಬಿದ್ದ ಹೂವಿನ ಮರ



ಸೆಪ್ಟೆಂಬರ್ ತಿಂಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಬೆಂಗಳೂರಿನ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿದವರು, ಯಾರದೋ ಮನೆಯ ಕಾಂಪೌಂಡಿನ ಹೊರಗೆ ಬಗ್ಗಿ ಏನನ್ನೋ ಆರಿಸುತ್ತಿರುತ್ತಾರೆ. ಪರರ ಮನೆಯ ದಾಸವಾಳಕ್ಕೆ ಕೈ ಹಾಕಿದರೆ ಒಳಗಿನಿಂದ ಕೂಗು ಬರುತ್ತದೆ. ಪಾರಿಜಾತ ಆರಿಸಿದರೆ ಯಾರೂ ಬೈಯುವುದಿಲ್ಲ. ನೆಲಕ್ಕೆ ಬಿದ್ದ ಹೂವು ಪೂಜೆಗೆ ಸಲ್ಲದು ಎನ್ನುವ ಮಡಿವಂತರ ಮನೆಯಲ್ಲೂ ಇದೊಂದಕ್ಕೆ ವಿನಾಯಿತಿ ಉಂಟು.

ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿ, ಸಂಪು ತೋಡಿ, ಕಾರಿಗೂ ಜಾಗ ಬಿಟ್ಟ ಮೇಲೆ ಉಳಿಯುವುದು ನಾಲ್ಕೈದು ಅಡಿ ಮಣ್ಣು. ಅಲ್ಲಿ ಹೊಂಗೆ, ಮತ್ತಿ ಬೆಳೆಸುತ್ತೇನೆಂದರೆ ಆಗದ ಮಾತು. ನಮ್ಮ ಊರಿನ ಬೀದಿಗಳಿಗೆ ಬಣ್ಣ ತುಂಬುವ ಮರಗಳಲ್ಲಿ ಬಹುಪಾಲು ದೂರದಿಂದ ಬಂದವು: ಗುಲ್‌ಮೊಹರ್ ಮಡಗಾಸ್ಕರಿನದು, ಟಬೂಬಿಯಾ ಮತ್ತು ಜಕರಂಡ ಅಮೆರಿಕ ಖಂಡದವು. ಅವುಗಳ ಮೇಲೆ ನನಗೆ ಮುನಿಸಿಲ್ಲ. ಆದರೆ ಅವು ರಸ್ತೆಯ ಮರಗಳು. ಮನೆಯಂಗಳಕ್ಕೆ ಹತ್ತು ಹದಿನೈದು ಅಡಿಯಲ್ಲಿ ಹಿಡಿದಿಡಬಹುದಾದ, ನಮ್ಮ ಉಪಖಂಡದ್ದೇ ಆದ ಮರ ಬೇಕೆಂದರೆ ನಾನು ಮೊದಲು ಹೇಳುವುದು ಪಾರಿಜಾತದ ಹೆಸರನ್ನು.

ಈ ಹೂವು ಉದುರುವುದೇಕೆ? ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿ. ಗಿರಗಿಟ್ಟಲೆಯಂತೆ ತಿರುಚಿದ ಐದರಿಂದ ಎಂಟು ಬಿಳಿ ಎಸಳು, ಕೆಳಗೆ ಹವಳದ ಬಣ್ಣದ ತೊಟ್ಟು. ತೊಟ್ಟು ಎನ್ನುವುದು ನಮ್ಮ ರೂಢಿಯ ಮಾತು. ನಿಜದಲ್ಲಿ ಅದು ಎಸಳುಗಳೇ ಬುಡದಲ್ಲಿ ಕೂಡಿ ಆದ ಕೊಳವೆ. ಎರಡು ಪುಟ್ಟ ಕೇಸರಗಳೂ ಆ ಕೊಳವೆಯ ಒಳಗೋಡೆಗೇ ಅಂಟಿವೆ. ಸಂಜೆ ಕತ್ತಲಾದ ಮೇಲೆ ಹೂವು ಬಿರಿಯುತ್ತದೆ. ಕತ್ತಲಲ್ಲೂ ಕಾಣುವ ಬಿಳುಪು, ದೂರಕ್ಕೆ ಹರಡುವ ಪರಿಮಳ, ಎರಡೂ ಇರುಳಲ್ಲಿ ಹಾರುವ ಪತಂಗಗಳಿಗೆ ಕಳಿಸಿದ ಕರೆಯೋಲೆ. ಬೆಳಗಾಗುವ ಹೊತ್ತಿಗೆ ಕೊಳವೆ ಎಸಳು, ಕೇಸರ ಎಲ್ಲವನ್ನೂ ಹೊತ್ತುಕೊಂಡು ಇಡಿಯಾಗಿ ಕಳಚಿ ಬೀಳುತ್ತದೆ. ಕಾಯಿಯಾಗಬೇಕಾದ ಅಂಡಾಶಯ ಮಾತ್ರ ಪುಷ್ಪಪಾತ್ರೆಯೊಳಗೆ ಭದ್ರವಾಗಿ ಕೊಂಬೆಯಲ್ಲೇ ಉಳಿಯುತ್ತದೆ. ನಾವು ಆರಿಸುವುದು ಕೆಲಸ ಮುಗಿದ ಹೊದಿಕೆಯನ್ನು. ಬುಟ್ಟಿ ತುಂಬಾ ಒಯ್ದರೂ ಮರಕ್ಕೆ ಚೂರೂ ನಷ್ಟವಿಲ್ಲ. ಆ ಹವಳದ ಬಣ್ಣಕ್ಕೂ ಒಂದು ಹೆಚ್ಚುಗಾರಿಕೆ ಇದೆ. ದುಬಾರಿ ಕೇಸರಿಗೆ ಬಣ್ಣ ಕೊಡುವ ವಸ್ತುವಿನ ಬಳಗಕ್ಕೇ ಅದು ಸೇರಿದ್ದು. ಹಿಂದೆ ಕೊಳವೆಗಳನ್ನು ಬಿಡಿಸಿ ಕುದಿಸಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಲ್ಯಾಟಿನ್ನಿನಲ್ಲಿ ದುಃಖದ ಮರ ಎಂಬರ್ಥದ ಹೆಸರಿಟ್ಟ. ಹಗಲಲ್ಲಿ ನೋಡಿದರೆ ಮರ ಮಂಕಾಗಿರುವುದೇನೋ ಹೌದು. ಎಲೆಯೂ ಉಪ್ಪುಕಾಗದದಂತೆ ಒರಟು. ನಮ್ಮವರಿಗೆ ಮಾತ್ರ ಇಲ್ಲಿ ಅಳುವಿಗಿಂತ ಜಗಳ ಕಂಡಿತು. ಕೃಷ್ಣ ಸ್ವರ್ಗದಿಂದ ತಂದ ಮರವನ್ನು ಭಾಮೆಯ ಅಂಗಳದಲ್ಲಿ ನೆಟ್ಟರೆ ಹೂವೆಲ್ಲ ರುಕ್ಮಿಣಿಯ ಅಂಗಳಕ್ಕೆ ಉದುರಿತಂತೆ. ಉತ್ತರ ಕರ್ನಾಟಕದಲ್ಲಿ ಶ್ರೀಕೃಷ್ಣ ಪಾರಿಜಾತದ ಆಟವನ್ನು ಜನ ಬೆಳತನಕ ಕೂತು ನೋಡುತ್ತಾರೆ. ಪುರಾಣದ ಮರ ಇದೇ ಎಂದು ನಾನು ಪಟ್ಟು ಹಿಡಿಯುವುದಿಲ್ಲ. ಉತ್ತರ ಪ್ರದೇಶದ ಕಿಂತೂರಿನಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆ, ಅಂದರೆ ಬಾವೊಬಾಬ್ ಜಾತಿಯ ಮರವೊಂದನ್ನೇ ಪಾರಿಜಾತವೆಂದು ಪೂಜಿಸುತ್ತಾರೆ. ಆದರೆ ಗೋಡೆಯಾಚೆ ಹೂವು ಬೀಳುವ ತಕರಾರು ಮಾತ್ರ ನಮ್ಮ ವಿಜಯನಗರ ಬಡಾವಣೆಯಲ್ಲಿ ಇಂದಿಗೂ ಇದೆ. ನಮ್ಮ ಬೀದಿಯಲ್ಲೇ ಒಬ್ಬರು ಸ್ಕೂಟರಿನ ಸೀಟಿನ ಮೇಲೆ ಕೇಸರಿ ಕಲೆಯಾಯಿತೆಂದು ಪಕ್ಕದ ಮನೆಯವರೊಂದಿಗೆ ವಾರಗಟ್ಟಲೆ ಮಾತು ಬಿಟ್ಟಿದ್ದರು.

ಆದ್ದರಿಂದ ನೆಡುವ ಮೊದಲು ಜಾಗ ನೋಡಿಕೊಳ್ಳಿ. ಗೋಡೆಯಿಂದಲೂ ಸಂಪಿನಿಂದಲೂ ಆದಷ್ಟು ದೂರವಿರಲಿ. ಬಿಸಿಲು ಬೇಕೇ ಬೇಕು, ದಿನಕ್ಕೆ ಐದಾರು ಗಂಟೆಯಾದರೂ. ಮೂರಂತಸ್ತಿನ ಮನೆಗಳ ನಡುವಿನ ಓಣಿಯಲ್ಲಿ ನೆಟ್ಟರೆ ಗಿಡ ಬೆಳಕು ಹುಡುಕುತ್ತ ಉದ್ದಕ್ಕೆ ಸೊರಗುತ್ತದೆಯೇ ಹೊರತು ಹೂ ಬಿಡುವುದು ಕಡಿಮೆ. ರಾಜಾಜಿನಗರದ ಹಳೆಯ ಮನೆಗಳಲ್ಲಿ, ಕೆಂಗೇರಿ ಉಪನಗರದ ಅಗಲವಾದ ಅಂಗಳಗಳಲ್ಲಿ ಈ ತೊಂದರೆ ಅಷ್ಟಿಲ್ಲ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ತೋಡಿದಾಗ ಸಿಗುವುದು ಮಣ್ಣಿಗಿಂತ ಹೆಚ್ಚಾಗಿ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಮನೆ ಕಟ್ಟಿದವರು ಹೂತಿಟ್ಟುಹೋದ ಆಸ್ತಿ ಅದು! ಅಷ್ಟನ್ನೂ ಹೊರಗೆ ಹಾಕಿ ಕೆಂಪು ಮಣ್ಣು, ಕೊಳೆತ ಸಗಣಿ ಗೊಬ್ಬರ ತುಂಬಿ. ಬುಡದಲ್ಲಿ ನೀರು ನಿಲ್ಲುವುದನ್ನು ಪಾರಿಜಾತ ಸಹಿಸುವುದಿಲ್ಲ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹೂವಿನ ಸುಗ್ಗಿಯೂ ಆಗಲೇ. ಹಾಗಾಗಿ ಪಾತಿಯನ್ನು ಗುಂಡಿಯಂತೆ ಮಾಡದೆ ಬುಡಕ್ಕೆ ಮಣ್ಣು ಏರಿಸಿ. ಮೊದಲ ಎರಡು ಬೇಸಿಗೆ ನೀರು ಕೊಡಿ. ಆಮೇಲೆ ಅದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಂಬಳಿಹುಳು ಕಂಡರೆ ಔಷಧಿ ಹೊಡೆಯಬೇಡಿ, ಕಡ್ಡಿಯಿಂದ ತೆಗೆದುಹಾಕಿ. ಎಲೆ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಮಂಡಿನೋವಿಗೆ ಕಷಾಯ ಮಾಡುವ ರೂಢಿ ಹಳೆಯದು. ಕುಡಿಯುವ ಮುನ್ನ ವೈದ್ಯರನ್ನು ಕೇಳಿ ಎಂದಷ್ಟೇ ನಾನು ಹೇಳಬಲ್ಲೆ.

ಎಲ್ಲರೂ ಎಡವುವುದು ಕತ್ತರಿಸುವ ವಿಷಯದಲ್ಲಿ. ಹೂವು ಬರುವುದು ಹೊಸ ಚಿಗುರಿನ ತುದಿಗೆ. ಗಣೇಶನ ಹಬ್ಬಕ್ಕೆ ಅಂಗಳ ಚೊಕ್ಕ ಮಾಡುತ್ತೇವೆಂದು ಆಗಸ್ಟಿನಲ್ಲಿ ಕೊಂಬೆ ಸವರಿದರೆ ಆ ವರ್ಷದ ಹೂವು ಕೊಂಬೆಯ ಜೊತೆಗೇ ಕಸದ ಗಾಡಿಗೆ ಹೋಗುತ್ತದೆ. ಸಂಕ್ರಾಂತಿ ಕಳೆದ ಮೇಲೆ, ಹೂವು ಪೂರ್ತಿ ನಿಂತಾಗ, ಮೂರನೇ ಒಂದು ಪಾಲು ಇಳಿಸಿ. ಬೇಸಿಗೆಯ ಮೊದಲ ಮಳೆಗಳಿಗೆ ಹೊಸ ಕೊಂಬೆಗಳು ನುಗ್ಗುತ್ತವೆ.

ಕತ್ತರಿ ಹಿಡಿಯುವ ಮುನ್ನ ಕೊಂಬೆಗಳಲ್ಲಿ ಒಣಗಿದ ಕಾಯಿಗಳನ್ನು ಬಿಡಿಸಿಕೊಳ್ಳಿ. ನಾಣ್ಯದಂತೆ ಚಪ್ಪಟೆಯಾಗಿ, ಕಂದು ಬಣ್ಣಕ್ಕಿರುತ್ತವೆ. ಒಂದೊಂದರಲ್ಲಿ ಎರಡೆರಡು ಬೀಜ. ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಮುಂಗಾರು ಶುರುವಾದಾಗ, ಬೆಳಗ್ಗೆ ಹೂವು ಆರಿಸಿಕೊಂಡು ಹೋಗುತ್ತಿದ್ದವರಲ್ಲಿ ಒಬ್ಬರಾದರೂ ಗೇಟಿನ ಹತ್ತಿರ ನಿಂತು ಕೇಳುತ್ತಾರೆ.