ಬೆಟ್ಟದ ಹುಳಿ, ಮನೆಯ ಭರಣಿ



ಮಲೆನಾಡಿನ ಮನೆಗೆ ಬಿರುಬೇಸಿಗೆಯಲ್ಲಿ ನೆಂಟರು ಬಂದರೆ ಕೈಕಾಲು ತೊಳೆಯಲು ನೀರು ಕೊಟ್ಟು, ಅನಂತರ "ಆಸರಿಗೆ ಏನು?" ಎಂದು ಕೇಳುವುದು ಹಿಂದಿನಿಂದ ನಡೆದುಬಂದ ಕ್ರಮ. ಆ ಪ್ರಶ್ನೆಗೆ ಉತ್ತರವಾಗಿ ಒಳಗಿನಿಂದ ಬರುತ್ತಿದ್ದುದು ಬೆಲ್ಲ-ನೀರು, ಮಜ್ಜಿಗೆ ಅಥವಾ ಕೆಂಪು ಬಣ್ಣದ ಮುರುಗಲು ಪಾನಕ. ಇಂದು ಎಷ್ಟೋ ಮನೆಗಳಲ್ಲಿ ಅದೇ ಪ್ರಶ್ನೆಗೆ ಪೇಟೆಯ ಬಾಟಲಿ ಉತ್ತರವಾಗಿದೆ. ಬಾಟಲಿಯಲ್ಲಿ ಬಣ್ಣವಿದೆ, ಸಿಹಿಯಿದೆ, ಹುಳಿಯೂ ಇದೆ. ಆದರೆ ಆ ಹುಳಿ ಯಾವ ಮರದ್ದು ಎಂದು ಕೇಳಿದರೆ ಹೇಳುವವರಿಲ್ಲ.

ಇಂದಿನ ಮಾತಿನ ವಿಷಯ ಈ ಹುಳಿಯೇ. ಅಡುಗೆಮನೆಯ ಒಂದು ರುಚಿಗೂ ಬೆಟ್ಟದ ಒಂದು ಮರಕ್ಕೂ ಇರುವ ಸಂಬಂಧವನ್ನು ಅರಿತರೆ, ಮನೆಯಲ್ಲಿ ಮಾಡುವ ಋತುಮಾನದ ಆಹಾರವು ಬರಿಯ ಆರೋಗ್ಯದ ಸಂಗತಿಯಲ್ಲ, ಅದು ಕಾಡಿನ ಉಳಿವಿನ ಸಂಗತಿಯೂ ಹೌದು ಎಂಬುದು ಮನದಟ್ಟಾಗುತ್ತದೆ.

ಹುಣಸೆಯಿಲ್ಲದ ನಾಡು

ಹುಣಸೆ ಬಯಲುಸೀಮೆಯ ಮರ. ವರ್ಷಕ್ಕೆ 100 ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುವ ಘಟ್ಟದ ನೆತ್ತಿಯಲ್ಲಿ ಅದು ಚೆನ್ನಾಗಿ ಫಲಿಸುವುದಿಲ್ಲ. ಆದ್ದರಿಂದ ಮಲೆನಾಡಿನ ಅಡುಗೆಮನೆಯು ತನಗೆ ಬೇಕಾದ ಹುಳಿಯನ್ನು ಸುತ್ತಲಿನ ಕಾಡಿನಲ್ಲಿಯೇ ಹುಡುಕಿಕೊಂಡಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಪ್ಪೆಮಾವು, ಏಪ್ರಿಲ್-ಮೇ ತಿಂಗಳುಗಳಲ್ಲಿ ಮುರುಗಲು, ಜೂನ್‌ನಿಂದ ಆಗಸ್ಟ್‌ವರೆಗೆ ಉಪ್ಪಾಗೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧವಾಗಿರುತ್ತದೆ. ಮೂರನ್ನೂ ಕಾಲಕಾಲಕ್ಕೆ ಉಪ್ಪಿನಲ್ಲಿಯೋ ಸಕ್ಕರೆಯಲ್ಲಿಯೋ ಇಟ್ಟು ಅಥವಾ ಒಣಗಿಸಿ ಕಾಪಿಟ್ಟರೆ ವರ್ಷವಿಡೀ ಸಾರಿಗೆ, ಪಾನಕಕ್ಕೆ, ಉಪ್ಪಿನಕಾಯಿಗೆ ಹುಳಿಯ ಕೊರತೆಯಿಲ್ಲ. ಈ ಪಂಚಾಂಗವನ್ನು ಯಾವ ವಿಜ್ಞಾನಿಯೂ ಬರೆದುಕೊಟ್ಟದ್ದಲ್ಲ. ಮನೆಯ ಹೆಂಗಸರು ತಲೆಮಾರುಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಅಪ್ಪೆ: ಹೊಳೆಯಂಚಿನ ಮರ

ಅಘನಾಶಿನಿ, ಬೇಡ್ತಿ, ಶರಾವತಿ, ವರದಾ ಮುಂತಾದ ಹೊಳೆಗಳ ದಂಡೆಗಳಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಮರಗಳಲ್ಲಿ ಕೆಲವಕ್ಕೆ ಮಾತ್ರ ವಿಶೇಷ ಪರಿಮಳದ ಸೊನೆ ಇರುತ್ತದೆ. ಅವೇ ಅಪ್ಪೆಮಿಡಿಯ ಮರಗಳು. ಜೀರಿಗೆಯ ಕಂಪಿನವು, ಕರ್ಪೂರದ ಕಂಪಿನವು ಎಂದು ಅವುಗಳಲ್ಲಿಯೂ ಬಗೆಗಳುಂಟು. ಅನಂತಭಟ್ಟನ ಅಪ್ಪೆಯಂತೆ ಹೆಸರು ಪಡೆದ ತಳಿಗಳೂ ಉಂಟು.

ಉಪ್ಪಿನಕಾಯಿಗೆ ಮಿಡಿಯನ್ನು ತೊಟ್ಟಿನೊಡನೆಯೇ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಹರಿದುಹೋಗಿ ಪರಿಮಳವೂ ಹೋಗುತ್ತದೆ. ನೆಲಕ್ಕೆ ಬಿದ್ದು ಜಜ್ಜಿದ ಮಿಡಿಯಂತೂ ಭರಣಿಯಲ್ಲಿ ಬಹುಕಾಲ ಉಳಿಯದು. ಮಿಡಿಯನ್ನು ಕಲ್ಲುಪ್ಪಿನೊಡನೆ ಪದರಪದರವಾಗಿ ಹಾಕಿಟ್ಟರೆ ಉಪ್ಪು ಅದರೊಳಗಿನ ನೀರನ್ನು ಹೊರಗೆಳೆಯುತ್ತದೆ. ಮಿಡಿ ಸುಕ್ಕುಗಟ್ಟುತ್ತದೆ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಮೆಣಸು, ಅರಿಸಿನ ಸೇರಿಸಿ ಬೀಸಿದ ಹಿಂಡಿಯೊಡನೆ ಬೆರೆಸಿದರೆ ಅದು ವರ್ಷಗಟ್ಟಲೆ ಕೆಡದು. ಇಲ್ಲಿ ಕಾಪಾಡುವುದು ಉಪ್ಪು ಮತ್ತು ಹುಳಿ ಮಾತ್ರ. ಬೇರೆ ಯಾವ ರಾಸಾಯನಿಕವೂ ಬೇಕಿಲ್ಲ.

ತುಸು ಬಲಿತ ಕಾಯಿಯಿಂದ ಅಪ್ಪೆಹುಳಿ. ಕಾಯಿಯನ್ನು ಬೇಯಿಸಿ ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಉಪ್ಪು, ಹಸಿಮೆಣಸು ಹಾಕಿ, ಸಾಸಿವೆ-ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು. ಊಟದ ನಡುವೆ ಅನ್ನಕ್ಕೂ ಸೈ, ಕುಡಿಯಲಿಕ್ಕೂ ಸೈ. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಎರಡನ್ನೂ ಅದು ಮರಳಿ ಕೊಡುತ್ತದೆ. ಅಪ್ಪೆಹುಳಿ ಉಂಡವರಿಗೆ ಮಧ್ಯಾಹ್ನದ ನಿದ್ದೆ ತಪ್ಪದು ಎಂಬ ಮಾತಂತೂ ಮನೆಮನೆಯಲ್ಲಿಯೂ ಕೇಳಿಬರುತ್ತದೆ.

ಇಷ್ಟು ಸೊಗಸಾದ ಮರಕ್ಕೆ ಬಂದ ಕುತ್ತೇನು? ಮಿಡಿಗೆ ಬೆಲೆ ಬಂದಾಗ, ಎತ್ತರದ ಮರವನ್ನು ಹತ್ತಿ ಒಂದೊಂದೇ ಗೊಂಚಲು ಕೊಯ್ಯುವ ತಾಳ್ಮೆ ಇಲ್ಲದವರು ಕೊಂಬೆಗಳನ್ನೇ ಕಡಿದು ಉರುಳಿಸಿದರು. ಮಾವು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ಕೊಂಬೆ ಹೋದರೆ ಮುಂದಿನ ಹಲವು ವರ್ಷಗಳ ಫಸಲೂ ಹೋದಂತೆ. ಅದೂ ಅಲ್ಲದೆ ಅಪ್ಪೆಯ ಗೊರಟು ನೆಟ್ಟರೆ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ಆ ಗುಣ ಬೇಕಾದರೆ ತಾಯಿಮರದ ಕುಡಿಯನ್ನು ತಂದು ಕಸಿ ಕಟ್ಟಬೇಕು. ತಾಯಿಮರವೇ ಉರುಳಿದ ಮೇಲೆ ಕುಡಿಯನ್ನು ಎಲ್ಲಿಂದ ತರುವುದು?

ಮುರುಗಲು: ಬೇಸಿಗೆಯ ಕೆಂಪು

ಕರಾವಳಿಯಲ್ಲಿ ಪುನರ್ಪುಳಿ ಎಂದು ಹೆಸರಾದ ಮುರುಗಲು ಪಶ್ಚಿಮಘಟ್ಟಕ್ಕೇ ವಿಶಿಷ್ಟವಾದ ನಿತ್ಯಹರಿದ್ವರ್ಣದ ಮರ. ಹಣ್ಣಾದಾಗ ಅದರ ಸಿಪ್ಪೆ ಕಡುಗೆಂಪಿಗೆ ತಿರುಗುತ್ತದೆ. ಈ ಬಣ್ಣ ಆಂಥೋಸಯಾನಿನ್ ಎಂಬ ಸಹಜ ವರ್ಣದ್ರವ್ಯದ್ದು. ಹುಳಿಯು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು.

ಪಾನಕ ಮಾಡುವ ಕ್ರಮ ಸರಳವಾದುದು. ಪೂರ್ತಿ ಮಾಗಿದ ಹಣ್ಣನ್ನು ತೊಳೆದು, ನೀರಿನ ಪಸೆ ಹೋಗುವಂತೆ ಒರೆಸಿ, ಹೋಳು ಮಾಡಿ ಬೀಜ ತೆಗೆಯಬೇಕು. 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆಯಂತೆ ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಪದರಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಂದು ವಾರ ಬಿಸಿಲಿನಲ್ಲಿ ಇಡಬೇಕು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕದಡಬೇಕು. ಸಕ್ಕರೆ ಕರಗಿ ರಸವಾದ ಮೇಲೆ ಸೋಸಿ ಬಾಟಲಿಗೆ ತುಂಬಿ ಕತ್ತಲೆಯ ಜಾಗದಲ್ಲಿ ಇಟ್ಟರೆ ಮುಂದಿನ ಹಂಗಾಮಿನವರೆಗೂ ಬರುತ್ತದೆ. ಕುಡಿಯುವಾಗ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಚೂರು ಜೀರಿಗೆ ಪುಡಿ.

ಈ ಕ್ರಮದ ಒಂದೊಂದು ಮಾತಿಗೂ ಕಾರಣವಿದೆ. ಸಕ್ಕರೆ ಇಷ್ಟು ದಟ್ಟವಾಗಿರುವಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಒದ್ದೆ ಸೌಟು ಹಾಕಿದರೆ ಮೇಲ್ಪದರ ತೆಳುವಾಗಿ ಬೂಷ್ಟು ಹಿಡಿಯುತ್ತದೆ. ಅಲ್ಯುಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಕೂಡದು ಎನ್ನುವುದು ಆಮ್ಲವು ಲೋಹವನ್ನು ಕರಗಿಸುವುದರಿಂದ. ಕತ್ತಲೆಯಲ್ಲಿ ಇಡುವುದು ಬೆಳಕು ಬಣ್ಣವನ್ನು ಕೆಡಿಸುವುದರಿಂದ.

ಮನೆಯಲ್ಲಿ ಮಾಡಿದ್ದೆಲ್ಲವೂ ಔಷಧ ಎಂದು ತಿಳಿಯಬಾರದು. ಸಕ್ಕರೆ ಎಲ್ಲಿದ್ದರೂ ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ಈ ರಸ ತಕ್ಕುದಲ್ಲ. ಅಂಥವರಿಗೂ, ಸಕ್ಕರೆಗೆ ಹಣ ಹಾಕಲಾಗದ ಮನೆಗೂ ಇನ್ನೊಂದು ದಾರಿಯಿದೆ: ಬಿಸಿಲಿನಲ್ಲಿ ಒಣಗಿಸಿದ ಸಿಪ್ಪೆ. ನಾಲ್ಕು ಚೂರನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ, ಉಪ್ಪು-ಜೀರಿಗೆ ಹಾಕಿ ಕುಡಿಯಬಹುದು. ಅದೇ ನೀರಿಗೆ ಒಗ್ಗರಣೆ ಕೊಟ್ಟರೆ ತಿಳಿಸಾರು.

ಬೀಜವೂ ಬಿಸಾಡುವಂಥದಲ್ಲ. ಅದರ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ, ಚಳಿಗಾಲದಲ್ಲಿ ಬಿರಿಯುವ ತುಟಿಗೆ ಮಲೆನಾಡಿಗರು ಹಚ್ಚುತ್ತ ಬಂದದ್ದು ಇದನ್ನೇ. ದೊಡ್ಡ ಕಂಪನಿಗಳ ಮುಲಾಮು, ಸೌಂದರ್ಯವರ್ಧಕಗಳಲ್ಲಿಯೂ ಇಂದು ಇದು ಬಳಕೆಯಲ್ಲಿದೆ.

ಮುರುಗಲಿನಲ್ಲಿ ಗಂಡುಮರ ಮತ್ತು ಹೆಣ್ಣುಮರ ಬಹುಮಟ್ಟಿಗೆ ಬೇರೆ ಬೇರೆ. ಬೀಜದಿಂದ ಹುಟ್ಟಿದ ಗಿಡ ಹೂ ಬಿಡುವವರೆಗೆ ಅದು ಯಾವುದೆಂದು ತಿಳಿಯದು. ಅದಕ್ಕೆ ಏಳೆಂಟು ವರ್ಷ ಬೇಕು. ಅಷ್ಟು ಕಾದ ಮೇಲೆ ಕಾಯಿ ಬಿಡಲಿಲ್ಲವೆಂದು ಗಂಡುಮರವನ್ನು ಕಡಿದು ಸೌದೆ ಮಾಡುವ ರೂಢಿ ಕೆಲವೆಡೆ ಇದೆ. ಗಂಡುಮರಗಳೆಲ್ಲ ಒಲೆಗೆ ಹೋದ ಬೆಟ್ಟದಲ್ಲಿ ಹೆಣ್ಣುಮರವೂ ಕ್ರಮೇಣ ಬಂಜೆಯಾಗುವುದೆಂಬುದನ್ನು ಕತ್ತಿ ಎತ್ತುವ ಮುನ್ನ ನೆನೆಯಬೇಕು.

ಉಪ್ಪಾಗೆ: ಮಾರುಕಟ್ಟೆ ಕಲಿಸಿದ ಪಾಠ

ಮೂರನೆಯ ಮರ ಉಪ್ಪಾಗೆ, ಮುರುಗಲಿನ ದಾಯಾದಿ. ಮಳೆಗಾಲದಲ್ಲಿ ಹಳದಿಯಾಗಿ ಹಣ್ಣಾಗುತ್ತದೆ. ಅದರ ಸಿಪ್ಪೆಯನ್ನು ಒಣಗಿಸಿ ಸಾರಿಗೆ, ಮೀನಿನ ಅಡುಗೆಗೆ ಬಳಸುವುದೂ ಬೀಜದಿಂದ ಉಪ್ಪಾಗೆ ತುಪ್ಪ ತೆಗೆದು ದೋಸೆಗೆ ಹಾಕುವುದೂ ಹಳೆಯ ರೂಢಿ. ಮನೆಗೆ ಬೇಕಾಗುವಷ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿದರೆ ಅಡುಗೆಯ ಬಿಸಿಗೇ ಒಣಗುತ್ತಿತ್ತು.

1990ರ ದಶಕದಲ್ಲಿ ಚಿತ್ರ ಬದಲಾಯಿತು. ಉಪ್ಪಾಗೆಯ ಹುಳಿಯ ಸಾರವು ಮೈಯ ಬೊಜ್ಜು ಕರಗಿಸುತ್ತದೆಂಬ ಪ್ರಚಾರ ವಿದೇಶಗಳಲ್ಲಿ ಹಬ್ಬಿ, ಒಣಸಿಪ್ಪೆಗೆ ಹಠಾತ್ತನೆ ಬೇಡಿಕೆ ಬಂದಿತು. ಬೇರೆಯವರು ಕೊಯ್ಯುವ ಮುನ್ನ ತಾನು ಕೊಯ್ಯಬೇಕೆಂಬ ಪೈಪೋಟಿಯಲ್ಲಿ ಬಲಿಯದ ಕಾಯಿಗಳು ಬುಟ್ಟಿ ಸೇರಿದವು, ಕೊಂಬೆಗಳು ನೆಲಕ್ಕೆ ಬಿದ್ದವು. ಸುರಿವ ಮಳೆಯಲ್ಲಿ ರಾಶಿರಾಶಿ ಸಿಪ್ಪೆ ಒಣಗಿಸಲು ಹಗಲಿರುಳು ಬೆಂಕಿ ಉರಿಯಿತು. ಆ ಬೆಂಕಿಗೆ ಅದೇ ಕಾಡಿನ ಸೌದೆ. ಬಲಿಯದ ಕಾಯಿಯಲ್ಲಿ ಮೊಳೆಯುವ ಬೀಜವಿಲ್ಲ. ಹೀಗಾಗಿ ಮರದ ಮುಂದಿನ ಪೀಳಿಗೆಗೂ ಪೆಟ್ಟು ಬಿತ್ತು. ಘಟ್ಟದ ಸಿಂಗಳೀಕಕ್ಕೆ ಉಪ್ಪಾಗೆಯ ಹಣ್ಣು ಆಹಾರ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ, ಆ ಕಾಡಿನ ಮರಗಳ ಫಲ ಮನುಷ್ಯನೊಬ್ಬನದಲ್ಲ ಎಂಬ ಮಾತಿಗೆ ಕಾನೂನಿನ ಬೆಂಬಲವೂ ಸಿಕ್ಕಿತು.

ಇಷ್ಟಕ್ಕೂ ಆ ಪ್ರಚಾರದಲ್ಲಿ ಹುರುಳೆಷ್ಟು? ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೂಕ ಹೆಚ್ಚಿದ 135 ಮಂದಿಯನ್ನು 12 ವಾರ ಪರೀಕ್ಷಿಸಲಾಯಿತು. ಉಪ್ಪಾಗೆ ಸಾರದ ಗುಳಿಗೆ ನುಂಗಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ತೂಕ ಇಳಿಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಗುಳಿಗೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಮುಂದೆ ವರದಿಯಾಗಿವೆ. ಸಾರಿನಲ್ಲಿ ಎರಡು ಚೂರಾಗಿದ್ದಾಗ ತಲೆಮಾರುಗಳನ್ನು ಉಣಿಸಿದ ವಸ್ತು, ಸಾಂದ್ರಗೊಂಡು ಗುಳಿಗೆಯಾದಾಗ ಬೇರೆಯೇ ವಸ್ತುವಾಯಿತು. ಉಂಡವನಿಗೂ ಲಾಭವಾಗಲಿಲ್ಲ, ಮರಕ್ಕೂ ಕ್ಷೇಮವಾಗಲಿಲ್ಲ.

ಅಡುಗೆಮನೆ ಕಾಯುವ ಕಾಡು

ಮಾರುಕಟ್ಟೆಯೇ ಬೇಡವೆಂದು ಇದರ ಅರ್ಥವಲ್ಲ. ಭೂಮಿ ಕಡಿಮೆಯಿರುವ ಕುಟುಂಬಗಳಿಗೆ, ಸ್ವಸಹಾಯ ಸಂಘದ ಮಹಿಳೆಯರಿಗೆ ಮುರುಗಲು, ಉಪ್ಪಾಗೆ, ಮಿಡಿಗಳಿಂದ ಬರುವ ನಾಲ್ಕು ಕಾಸು ದೊಡ್ಡದು. ಆದರೆ ತಾನು ತಿನ್ನದ ವಸ್ತುವನ್ನು ಮಾರುವವನಿಗೂ ತಾನು ಉಣ್ಣುವ ವಸ್ತುವನ್ನು ಮಾರುವವನಿಗೂ ವ್ಯತ್ಯಾಸವಿದೆ. ಮೊದಲಿನವನಿಗೆ ಮರವೆಂದರೆ ಈ ವರ್ಷದ ತೂಕ. ಎರಡನೆಯವನಿಗೆ ಮುಂದಿನ ಬೇಸಿಗೆಯ ಪಾನಕವೂ ಅದರಲ್ಲಿದೆ. ಪಾನಕಕ್ಕೆ ಮಾಗಿದ ಹಣ್ಣೇ ಬೇಕು, ಮಾಗುವವರೆಗೆ ಕಾಯಲೇಬೇಕು. ಹೀಗೆ ನಾಲಗೆಯ ರುಚಿಯೇ ಕೊಯ್ಲಿನ ಶಿಸ್ತನ್ನು ಕಲಿಸುತ್ತದೆ. ಮನೆಯಲ್ಲಿ ಬಳಕೆ ನಿಂತ ದಿನ ಆ ಶಿಸ್ತೂ ನಿಲ್ಲುತ್ತದೆ.

ಉತ್ತರ ಕನ್ನಡದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪಿಗಾಗಿ ಸವರಿ ಸವರಿ ಎಷ್ಟೋ ಬೆಟ್ಟಗಳು ಬೋಳಾಗಿವೆ. ಹೊಳೆಯಂಚು ಮತ್ತು ಈ ಬೆಟ್ಟಗಳು ಹುಳಿಮರಗಳಿಗೆ ತಕ್ಕ ನೆಲೆಗಳು. ಆದುದರಿಂದ ಗ್ರಾಮಸ್ಥರು ಮಾಡಬಹುದಾದ ಕೆಲಸಗಳು ಹೀಗಿವೆ.

ಮೊದಲನೆಯದಾಗಿ, ಕೊಯ್ಲಿಗೆ ಕತ್ತಿಯ ಬದಲು ಬಲೆ ಕಟ್ಟಿದ ದೋಟಿ ಬಳಸುವುದು. ಎರಡನೆಯದಾಗಿ, ಇಂಥ ದಿನಕ್ಕಿಂತ ಮುಂಚೆ ಉಪ್ಪಾಗೆ ಕೊಯ್ಯಬಾರದೆಂದು ಊರೇ ಕೂಡಿ ನಿರ್ಣಯ ಮಾಡುವುದು. ಒಬ್ಬ ಮುರಿದರೆ ಎಲ್ಲರೂ ಮುರಿಯುವ ನಿಯಮವಿದು. ಹಾಗಾಗಿ ಎಲ್ಲರೂ ಕೂಡಿಯೇ ಮಾಡಬೇಕು. ಮೂರನೆಯದಾಗಿ, ಪ್ರತಿ ಮರದಲ್ಲಿಯೂ ಒಂದಿಷ್ಟು ಹಣ್ಣನ್ನು ಪ್ರಾಣಿಪಕ್ಷಿಗಳಿಗೂ ಬೀಜಕ್ಕೂ ಬಿಡುವುದು. ನಾಲ್ಕನೆಯದಾಗಿ, ಮಳೆಗಾಲದ ಆರಂಭದಲ್ಲಿ ಬೆಟ್ಟದಲ್ಲಿ ಮುರುಗಲು, ಉಪ್ಪಾಗೆಯ ಸಸಿ ನೆಡುವುದು. ಬೇಗ ಫಲ ಬೇಕಾದಲ್ಲಿ ಕಸಿಗಿಡ, ಗಂಡುಮರಗಳೂ ಇರಲೆಂದು ಜತೆಗೆ ಕೆಲವು ಬೀಜದ ಗಿಡ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಈ ರಜೆಯಲ್ಲಿ ತಮ್ಮ ಊರಿನ ಅಪ್ಪೆಮರಗಳು ಎಷ್ಟು, ಎಲ್ಲಿವೆ, ಯಾವುದರ ಸೊನೆಗೆ ಯಾವ ಕಂಪು, ಯಾವುದು ಕಳೆದ ಹತ್ತು ವರ್ಷಗಳಲ್ಲಿ ಉರುಳಿತು ಎಂಬುದನ್ನು ಮನೆಯ ಅಜ್ಜಿಯನ್ನು, ಮರ ಹತ್ತುವ ಹಿರಿಯರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮರ ಹತ್ತಬಲ್ಲವರೂ ಕಂಪಿನಿಂದಲೇ ಮರವನ್ನು ಗುರುತಿಸಬಲ್ಲವರೂ ಊರೂರಿನಲ್ಲಿ ವಿರಳವಾಗುತ್ತಿದ್ದಾರೆ. ಅವರು ಇರುವಾಗಲೇ ಈ ಲೆಕ್ಕ ಆಗಬೇಕು.

ಹಾಗೆ ಬರೆದ ಪಟ್ಟಿಯನ್ನು ಹಿಡಿದು ಮುಂದಿನ ಮಾಘದಲ್ಲಿ ಹೊಳೆಯಂಚಿಗೆ ಹೋದಾಗ ಪಟ್ಟಿಯ ಮರಗಳೆಲ್ಲ ಹೂ ಹೊತ್ತು ನಿಂತಿದ್ದರೆ, ಆ ಊರಿನ ಮನೆಗಳಲ್ಲಿ ಭರಣಿ ತೊಳೆದು ಬಿಸಿಲಿಗಿಡಬಹುದು.